ಮಾತಿಲ್ಲದ ಕೂಗು

"ಗುರುಗಳೇ, ಮಾಡಿದವರೇ ಇನ್ನೂ ಪರೀಕ್ಷಿಸುತ್ತಿರುವ ವಸ್ತುವನ್ನು ನಾವು ಬಳಸುವುದು ಜಾಣತನವೇ?" ಎಂದು ಶಿಷ್ಯನು ಕೇಳಿದನು.

ಸಂಜೆಯ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಯಾವ ವಸ್ತು ಎಂದು ಗುರುಗಳು ವಿಚಾರಿಸಿದರು. ಆಶ್ರಮದ ಪಾಠಗಳನ್ನು ದೂರದ ಊರಿನವರಿಗೆ ಕೇಳಿಸುವ ಫೋನು ಈ ಶಿಷ್ಯನ ವಶದಲ್ಲಿತ್ತು. ಅದರಲ್ಲಿ ಆಗಾಗ ಒಂದು ಸೂಚನೆ ಬರುತ್ತಿತ್ತು. ಹೊಸ ಸೌಲಭ್ಯವೊಂದು ತಯಾರಾಗುತ್ತಿದೆ, ಇನ್ನೂ ಪ್ರಯೋಗದಲ್ಲಿದೆ, ಇಷ್ಟವಿದ್ದರೆ ಬಳಸಿ ನೋಡಿ, ದೋಷ ಕಂಡರೆ ತಿಳಿಸಿ ಎಂದು. ಶಿಷ್ಯ ಪ್ರತಿ ಸಲವೂ ಬೇಡ ಎಂದೇ ಒತ್ತುತ್ತಿದ್ದ. ಬಳಸುವವರು ಬಳಸಲಿ, ದೋಷಗಳೆಲ್ಲ ಹೊರಬರಲಿ, ಎಲ್ಲ ಸರಿಹೋದ ಮೇಲೆ ನಾನು ತೆಗೆದುಕೊಂಡರಾಯಿತು ಎಂಬುದು ಅವನ ಕ್ರಮ. ಆ ಕ್ರಮದಿಂದ ಅವನಿಗೆ ಎಂದೂ ಕೆಡುಕಾಗಿರಲಿಲ್ಲ. ಆದರೂ ಬೇಡ ಎಂದು ಒತ್ತಿದಾಗಲೆಲ್ಲ ಮನಸ್ಸಿನಲ್ಲಿ ಏನೋ ಸಣ್ಣಗೆ ಚುಚ್ಚುತ್ತಿತ್ತು. ಅದೇನೆಂದು ತಿಳಿಯದೆ ಅವನು ಗುರುಗಳ ಮುಂದೆ ಕುಳಿತಿದ್ದ.

ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಶಿವಗಂಗಮ್ಮ ಎಂಬ ನೇಕಾರಳಿದ್ದಳು. ಅವಳ ಮನೆಯ ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗಗಳಿದ್ದವು. ಸೊಸೆಯಾಗಿ ಆ ಮನೆಗೆ ಬಂದಂದಿನಿಂದ ಅವಳು ಆ ಮಗ್ಗಗಳ ನಡುವೆ ನಿಂತು ಸೀರೆ ನೇಯ್ದಳು. ಮಗ್ಗದ ಸದ್ದಿಗೆ ಗೋಡೆಗಳು ನಡುಗುತ್ತಿದ್ದವು. ಆ ಸದ್ದು ಅವಳ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದಿತು. ಮೊದಲು ಹಕ್ಕಿಗಳು ಹೋದವು. ಆಮೇಲೆ ಬಾಗಿಲು ತಟ್ಟುವ ಸದ್ದು ಹೋಯಿತು. ಕೂದಲು ಬೆಳ್ಳಗಾಗುವ ಮೊದಲೇ ಮನುಷ್ಯರ ಮಾತೂ ಹೋಯಿತು.

ಅವಳ ಗಂಡ ಮರಿಯಪ್ಪ ಮೆಲುದನಿಯವನು. ಅವನು ನೂಲು ತರುತ್ತಿದ್ದ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ, ನೇಯ್ದ ಸೀರೆಗಳನ್ನು ಒಯ್ದು ಕೊಡುತ್ತಿದ್ದ. ಕೂಗಿ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ಕೂಗಿದರೆ ತನ್ನ ದನಿ ತನಗೇ ಜಗಳದಂತೆ ಕೇಳಿಸುತ್ತದೆ ಎನ್ನುತ್ತಿದ್ದ. ಹೀಗಾಗಿ ಗಂಡ ಹೆಂಡಿರ ನಡುವೆ ಮಾತು ಕಡಿಮೆಯಾಗುತ್ತಾ ಬಂದು ಕೊನೆಗೆ ಕೈಸನ್ನೆ ಮಾತ್ರ ಉಳಿಯಿತು. ಊಟಕ್ಕೊಂದು ಸನ್ನೆ, ನೀರಿಗೊಂದು ಸನ್ನೆ, ನೂಲು ಮುಗಿದಿದೆ ಎನ್ನಲು ಒಂದು ಸನ್ನೆ. ಸನ್ನೆಯಲ್ಲಿ ಹೇಳಲಾಗದ್ದನ್ನು ಅವರು ಹೇಳುವುದನ್ನೇ ಬಿಟ್ಟರು. ಅವರು ಜಗಳವಾಡುತ್ತಿರಲಿಲ್ಲ. ಜಗಳಕ್ಕೆ ಬೇಕಾಗುವಷ್ಟು ಸನ್ನೆಗಳು ಅವರ ಬಳಿ ಇರಲಿಲ್ಲ.

ಹತ್ತಿರದ ಪೇಟೆಯಲ್ಲಿ ಕಿವಿಯ ಆಸ್ಪತ್ರೆಯೊಂದು ಬಂತು. ಅಲ್ಲಿ ತಸ್ಲೀಮಾ ಎಂಬ ತಜ್ಞೆ ಶಿವಗಂಗಮ್ಮನ ಕಿವಿಯನ್ನು ಪರೀಕ್ಷಿಸಿ, ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಸಣ್ಣ ಯಂತ್ರವೊಂದನ್ನು ಕೊಟ್ಟಳು. ಆ ಯಂತ್ರ ಹೇಗೆ ಕೇಳಿಸಬೇಕೆಂಬುದನ್ನು ಫೋನಿನಲ್ಲಿ ಬದಲಾಯಿಸಬಹುದಿತ್ತು. ಅದನ್ನು ಹಾಕಿಕೊಂಡಾಗ ಹೋದ ಸದ್ದುಗಳೆಲ್ಲ ಒಟ್ಟಿಗೆ ಹಿಂತಿರುಗಿದವು. ಬೀದಿಯ ವಾಹನಗಳು, ಪಾತ್ರೆಗಳು, ನಾಯಿಗಳು, ಪಕ್ಕದ ಮನೆಗಳ ಮಗ್ಗಗಳು. ಎಲ್ಲವೂ ಒಂದರ ಮೇಲೊಂದು ಬಿದ್ದು ಬಂದವು. ಗಂಡನ ದನಿಯೂ ಅದರೊಳಗೆ ಎಲ್ಲೋ ಇತ್ತು. ತುಂಬಿದ ಸಂತೆಯಲ್ಲಿ ಕೈಬಿಟ್ಟುಹೋದವನನ್ನು ಹುಡುಕಿದಂತೆ ಅವಳು ಆ ದನಿಯನ್ನು ಹುಡುಕಿದಳು. ಸಿಗಲಿಲ್ಲ. ಮಗ್ಗ ಓಡುವಾಗ ಯಂತ್ರವನ್ನು ಕಳಚಿ ಇಡುತ್ತಿದ್ದಳು, ಮಗ್ಗ ನಿಂತಾಗ ಹಾಕಿಕೊಳ್ಳುತ್ತಿದ್ದಳು. ಕೈಸನ್ನೆಗಳು ಹಾಗೆಯೇ ಉಳಿದವು.

ಒಂದು ದಿನ ಫೋನಿನಲ್ಲಿ ಸೂಚನೆ ಬಂತು. ನಿನಗೆ ಬರುವಂಥದ್ದೇ ಸೂಚನೆ. ಹೊಸ ಸೌಲಭ್ಯವೊಂದು ಇದೆ, ಅದು ಮಾತನ್ನು ಮಾತ್ರ ಕೇಳಿಸುತ್ತದೆ, ಉಳಿದ ಸದ್ದುಗಳನ್ನು ತೆಗೆದುಹಾಕುತ್ತದೆ, ಇನ್ನೂ ಪ್ರಯೋಗದಲ್ಲಿದೆ ಎಂದಿತ್ತು. ಶಿವಗಂಗಮ್ಮ ಫೋನನ್ನು ತೆಗೆದುಕೊಂಡು ತಸ್ಲೀಮಾಳ ಬಳಿಗೆ ಹೋದಳು. ತಸ್ಲೀಮಾ ಏನನ್ನೂ ಮುಚ್ಚಿಡಲಿಲ್ಲ. ಇದು ಪೂರ್ತಿಯಾಗಿಲ್ಲ, ಇದು ಏನೇನು ಮಾಡೀತು ಎಂಬುದು ಮಾಡಿದವರಿಗೂ ಪೂರ್ತಿ ಗೊತ್ತಿಲ್ಲ, ಬಳಸಲೇಬೇಕೆಂದಿಲ್ಲ ಎಂದಳು. ಬಳಸಿದರೆ ಅವರು ಕೇಳುವುದು ಒಂದನ್ನೇ, ಎಲ್ಲಿ ಸರಿಯಿಲ್ಲವೋ ಅದನ್ನು ಹೇಳಬೇಕು ಎಂದು ಬಿಡಿಸಿ ತಿಳಿಸಿದಳು. ಶಿವಗಂಗಮ್ಮ ತಲೆಯಾಡಿಸಿ ಬೇಕು ಎಂದು ಒತ್ತಿದಳು.

ಮನೆಗೆ ಬಂದು ಬಾಗಿಲು ತೆರೆದಾಗ ಮಗ್ಗ ಓಡುತ್ತಿತ್ತು. ಲಾಳಿ ಅತ್ತಿಂದಿತ್ತ ಹಾರುತ್ತಿತ್ತು. ಸದ್ದು ಇರಲಿಲ್ಲ. ಅವಳು ಹೊಸ್ತಿಲಲ್ಲೇ ನಿಂತು ನೋಡಿದಳು. ಅಷ್ಟು ದೊಡ್ಡ ಮಗ್ಗ ನೀರಿನೊಳಗಿನ ಮೀನಿನಂತೆ ಸುಮ್ಮನೆ ಆಡುತ್ತಿತ್ತು. ಹೊರಗೆ ಬೀದಿಯಲ್ಲಿ ಲಾರಿಯೊಂದು ನೆರಳಿನಂತೆ ಸಾಗಿಹೋಯಿತು. ಲೋಕಕ್ಕೆಲ್ಲ ಹತ್ತಿ ಹೊದಿಸಿದಂತಿತ್ತು.

ಮರಿಯಪ್ಪ ನೂಲು ತರಲು ಹೊರಟಿದ್ದ. ಹೆಗಲಿಗೆ ಚೀಲ ಹಾಕಿಕೊಂಡು ಅವಳನ್ನು ದಾಟಿ ಬಾಗಿಲ ಬಳಿ ಹೋಗಿ, ಬೆನ್ನು ತಿರುಗಿಸಿಕೊಂಡೇ ತುಟಿಯೊಳಗೆ ಏನೋ ಅಂದ. ಆ ಬಿಳಿಯ ನಿಶ್ಶಬ್ದದಲ್ಲಿ ಅವನ ದನಿ ಅವಳ ಕಿವಿಯ ಪಕ್ಕದಲ್ಲೇ ನುಡಿಯಿತು.

"ಹೋಗಿ ಬರ್ತೀನಿ ಗಂಗಾ. ನನಗೆ ಕಾಯಬೇಡ, ಉಂಡುಬಿಡು."

ಅವಳು ಅವನ ಚೀಲವನ್ನು ಹಿಡಿದು ನಿಲ್ಲಿಸಿದಳು. ದಿನವೂ ಹೀಗೇ ಹೇಳುತ್ತಿದ್ದಿರಾ ಎಂದು ಕೇಳಿದಳು. ಅವನು ದಿನವೂ ಹೇಳುತ್ತಿದ್ದೆ ಎಂದ. ನನಗೆ ಕೇಳಿಸುವುದಿಲ್ಲ ಎಂದು ಗೊತ್ತಿರಲಿಲ್ಲವೇ ಎಂದಳು. ಗೊತ್ತಿತ್ತು, ಆದರೆ ಹೇಳದೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ ಎಂದ. ಆಮೇಲೆ ಅವನಿಗೆ ಹೊಳೆಯಿತು. ತಾನು ಮೆಲ್ಲಗೆ ಮಾತಾಡುತ್ತಿದ್ದೇನೆ, ಅವಳು ಉತ್ತರ ಕೊಡುತ್ತಿದ್ದಾಳೆ. ಅವನು ಚೀಲವನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟ. ಆ ದಿನ ನೂಲು ಬರಲಿಲ್ಲ.

ಆಮೇಲಿನ ದಿನಗಳು ಕನಸಿನಲ್ಲಿ ನಡೆದಂತೆ ನಡೆದವು. ಮಗ್ಗ ಮೌನವಾಗಿ ಓಡುತ್ತಿತ್ತು, ಅದರ ಪಕ್ಕದಲ್ಲಿ ಕುಳಿತು ಮರಿಯಪ್ಪ ಮಾತಾಡುತ್ತಿದ್ದ. ಅವನು ಇಷ್ಟು ಮಾತಾಡುವ ಮನುಷ್ಯನೆಂದು ಅವಳಿಗೆ ತಿಳಿದಿರಲಿಲ್ಲ. ನೂಲಿನ ಅಂಗಡಿಯವನು ಹೇಗೆ ನಡೆಯುತ್ತಾನೆ, ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಬಂದರೆ ತನಗೆ ಹಸಿವಾಗುತ್ತದೆ, ಚಿಕ್ಕಂದಿನಲ್ಲಿ ತಾನು ಯಾವ ಮರಕ್ಕೆ ಹೆದರುತ್ತಿದ್ದೆ ಎಂಬುದನ್ನೆಲ್ಲ ಹೇಳಿದ. ಅವಳು ನೇಯುತ್ತಾ ಕೇಳಿದಳು. ಆ ದಿನಗಳಲ್ಲಿ ನೇಯ್ದ ಸೀರೆಗಳಲ್ಲಿ ಎಳೆ ತಪ್ಪಿದ್ದೂ ಉಂಟು. ಅವಳು ನಗುತ್ತಾ ಬಿಚ್ಚಿ ಮತ್ತೆ ನೇಯುತ್ತಿದ್ದಳು. ಸೌಲಭ್ಯದಲ್ಲಿ ಏನಾದರೂ ದೋಷವಿದೆಯೇ ಎಂದು ಫೋನು ಕೇಳುತ್ತಿತ್ತು. ಅವಳು ನೋಡಿಯೂ ನೋಡದಂತೆ ಬಿಡುತ್ತಿದ್ದಳು. ದೋಷವೆಲ್ಲಿದೆ ಎಂದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿತ್ತು. ಶಿವಗಂಗಮ್ಮ ಹಿತ್ತಿಲ ಬಾಗಿಲಿಗೆ ಬೆನ್ನು ಮಾಡಿ ಕುಳಿತು, ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದಳು. ಮರಿಯಪ್ಪ ಹಿತ್ತಿಲಿಗೆ ಕೈಕಾಲು ತೊಳೆಯಲು ಹೋಗಿದ್ದ. ಬಟ್ಟೆ ಒಗೆಯುವ ಕಲ್ಲಿನ ಬಳಿ ಅವನ ಕಾಲು ಜಾರಿತು. ಸೊಂಟ ಕಲ್ಲಿಗೆ ಬಡಿಯಿತು.

ಅವನು ಅವಳ ಹೆಸರು ಹಿಡಿದು ಕರೆಯಬೇಕೆಂದುಕೊಂಡ. ನೋವಿಗೆ ನಾಲಿಗೆ ಹೊರಳಲಿಲ್ಲ. ಬಾಯಿಂದ ಬರೀ ದನಿ ಬಂತು. ಆ ದನಿಯಲ್ಲಿ ಅಕ್ಷರ ಇರಲಿಲ್ಲ. ಹುಟ್ಟಿನಿಂದ ಕೂಗದವನು ಆಗ ಕೂಗಿದ. ತೆರೆದ ಬಾಗಿಲಿನೊಳಗೆ ಅವಳ ಬೆನ್ನು ಅವನಿಗೆ ಕಾಣುತ್ತಿತ್ತು. ಅವಳ ಕೈಗಳು ಎಳೆ ಹಿಡಿದು ಗಂಟು ಹಾಕುವುದು ಕಾಣುತ್ತಿತ್ತು. ಅವನು ಮತ್ತೆ ಕೂಗಿದ. ಅವಳು ತಿರುಗಲಿಲ್ಲ. ಅವಳ ಕಿವಿಯಲ್ಲಿ ಯಂತ್ರವಿತ್ತು, ಮನೆ ಶಾಂತವಾಗಿತ್ತು, ಅವನು ಬಂದ ಮೇಲೆ ಏನು ಮಾತಾಡುವುದು ಎಂದು ಅವಳು ಯೋಚಿಸುತ್ತಿದ್ದಳು.

ಪಕ್ಕದ ಮನೆಯಾಕೆ ಕೊಡ ಹೊತ್ತು ಬೀದಿಯ ತುದಿಯಿಂದ ಬರುತ್ತಿದ್ದವಳು ಆ ಕೂಗು ಕೇಳಿ ಕೊಡವನ್ನು ಅಲ್ಲೇ ಇಟ್ಟು ಓಡಿಬಂದಳು. ಶಿವಗಂಗಮ್ಮನ ಭುಜ ಹಿಡಿದು ತಿರುಗಿಸಿದಳು. ಅಷ್ಟು ಹೊತ್ತಿಗೆ ಮರಿಯಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅವನು ಉಳಿದ. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅದನ್ನು ಕೂಡಿಸಿದರು, ಬಹಳ ಕಾಲ ಹಾಸಿಗೆಯಲ್ಲಿರಬೇಕು ಎಂದರು. ವೈದ್ಯರು ಇನ್ನೊಂದು ಮಾತನ್ನೂ ಹೇಳಿದರು. ಇನ್ನಷ್ಟು ಹೊತ್ತು ಅಲ್ಲೇ ಬಿದ್ದಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದು.

ಪಕ್ಕದ ಮನೆಯಾಕೆಗೆ ಒಂದು ಸಂಗತಿ ಅರ್ಥವಾಗಲಿಲ್ಲ. ಬೀದಿಗೆಲ್ಲ ಕೇಳಿಸುತ್ತಿತ್ತು, ನೀನು ಅಲ್ಲೇ ಇದ್ದೆಯಲ್ಲ ಎಂದಳು. ಆಕೆ ದೂರುವ ಹೆಂಗಸಲ್ಲ. ಆದರೆ ಆ ಮಾತು ಶಿವಗಂಗಮ್ಮನ ಎದೆಯಲ್ಲಿ ಕುಳಿತುಬಿಟ್ಟಿತು. ಮನೆಗೆ ಬಂದ ಮೇಲೆ ಆಕೆಯನ್ನೇ ಕರೆದು, ನನ್ನ ಎದುರು ನಿಂತು ಒಮ್ಮೆ ಮಾತಾಡು, ಒಮ್ಮೆ ಬರೀ ಕೂಗು ಎಂದು ಬೇಡಿಕೊಂಡಳು. ಆಕೆ ಮಾತಾಡಿದಳು. ಪ್ರತಿ ಅಕ್ಷರವೂ ಕೇಳಿಸಿತು. ಆಕೆ ಕೂಗಿದಳು. ಬಾಯಿ ತೆರೆದಿತ್ತು, ಕತ್ತಿನ ನರಗಳು ಉಬ್ಬಿದ್ದವು, ಸದ್ದು ಇರಲಿಲ್ಲ. ಶಿವಗಂಗಮ್ಮ ಫೋನಿನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿ, ಇನ್ನೊಮ್ಮೆ ಕೂಗು ಎಂದಳು. ಈ ಸಲ ಕೂಗು ಗೋಡೆಗೆ ಬಡಿದು ಬಂತು.

ಆಗ ಅವಳಿಗೆ ತಿಳಿಯಿತು. ಮಾತನ್ನು ಮಾತ್ರ ಕೇಳಿಸು ಎಂದು ಆ ಯಂತ್ರಕ್ಕೆ ಕಲಿಸಿದ್ದರು. ಅದು ಕಲಿತದ್ದನ್ನು ತಪ್ಪದೆ ಮಾಡಿತ್ತು. ಮಾತಿಲ್ಲದ ಕೂಗು ಅದಕ್ಕೆ ಮಗ್ಗದ ಸದ್ದಿನಂತೆಯೇ ಒಂದು ಸದ್ದಾಗಿತ್ತು.

ಅವಳು ಇದನ್ನು ಗಂಡನಿಗೆ ಹೇಳಿದಳು, ತಸ್ಲೀಮಾಳಿಗೂ ಹೇಳಬೇಕು ಎಂದಳು. ಮರಿಯಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ಅವಳ ಕೈ ಹಿಡಿದುಕೊಂಡ.

"ಹೇಳಬೇಡ" ಎಂದ. "ಹೇಳಿದರೆ ಅವರು ಇದನ್ನ ತೆಗೆದುಬಿಡ್ತಾರೆ. ನಾನು ಇನ್ನು ಮೇಲೆ ಜೋಪಾನವಾಗಿರ್ತೀನಿ."

ಕೂಗಿದವನೇ ಹೀಗೆ ಹೇಳಿದ. ಅವಳ ಬೆನ್ನನ್ನು ನೋಡುತ್ತಾ ಬಿದ್ದಿದ್ದವನೇ ಹೀಗೆ ಹೇಳಿದ. ಅವಳ ಮನಸ್ಸೂ ಅದನ್ನೇ ಬಯಸುತ್ತಿತ್ತು. ಅವನು ಹಾಸಿಗೆಯಲ್ಲಿದ್ದಾನೆ, ಅವನಿಗೆ ಉಳಿದಿರುವುದು ಮಾತೊಂದೇ. ಅದನ್ನು ಕೇಳುವ ಕಿವಿ ಇದೊಂದೇ. ದೋಷ ಎಲ್ಲಿದೆಯೆಂದು ಈಗ ಗೊತ್ತಾಗಿದೆಯಲ್ಲ, ಬೆನ್ನು ತಿರುಗಿಸದೆ ಕುಳಿತರಾಯಿತು ಎಂದುಕೊಂಡಳು.

ಯಂತ್ರವನ್ನು ತೋರಿಸಿ ಬರುವ ದಿನ ಬಂತು. ಪಕ್ಕದ ಮನೆಯಾಕೆಯನ್ನು ಗಂಡನ ಬಳಿ ಕೂರಿಸಿ ಅವಳು ಪೇಟೆಗೆ ಹೋದಳು. ಎಲ್ಲ ಸರಿಯಾಗಿದೆಯೇ ಎಂದು ತಸ್ಲೀಮಾ ಕೇಳಿದಳು. ಚೆನ್ನಾಗಿದೆ ಎಂದು ಶಿವಗಂಗಮ್ಮ ಹೇಳಿದಳು. ಹೇಳಿದ ಮೇಲೆ ಸುಮ್ಮನಿರಲಾಗದೆ, ಯಾರಾದರೂ ದೋಷ ತಿಳಿಸಿದರೆ ಏನು ಮಾಡುತ್ತಾರೆ ಎಂದು ವಿಚಾರಿಸಿದಳು. ಸಣ್ಣದಾದರೆ ಹಾಗೆಯೇ ತಿದ್ದುತ್ತಾರೆ, ದೊಡ್ಡದಾದರೆ ಎಲ್ಲರಿಂದಲೂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಮತ್ತೆ ಯಾವಾಗ ಕೊಡುತ್ತಾರೋ ಹೇಳಲಾಗದು, ಕೊಡದೆಯೂ ಇರಬಹುದು ಎಂದಳು ತಸ್ಲೀಮಾ. ಎಲ್ಲರಿಂದಲೂ ಎಂದರೆ ಎಷ್ಟು ಜನ ಎಂದು ಕೇಳಿದ್ದಕ್ಕೆ, ನನಗೆ ಗೊತ್ತಿಲ್ಲ, ನಾವು ಹೆಸರು ಕೇಳದ ಊರುಗಳಲ್ಲೂ ಇರುತ್ತಾರೆ ಎಂದಳು.

ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಅವಳ ಕಿವಿಯ ಹಿಂದೆಯೂ ಅಂಥದ್ದೇ ಯಂತ್ರವಿತ್ತು. ಪಕ್ಕದಲ್ಲಿ ವಯಸ್ಸಾದ ತಾಯಿ ಕುಳಿತಿದ್ದಳು. ತಾಯಿ ಏನೋ ಪಿಸುಗುಟ್ಟುತ್ತಿದ್ದಳು, ಮಗಳು ಬಾಗಿ ಕೇಳಿ ನಗುತ್ತಿದ್ದಳು. ಶಿವಗಂಗಮ್ಮ ಅವರ ಮುಂದೆಯೇ ಹಾದುಹೋದಳು. ಒಂದು ಮಾತು ಹೇಳಬೇಕೆನಿಸಿತು. ಹೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಅವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅವಳು ಒಂದು ಉದ್ದನೆಯ ಬೀದಿಯಲ್ಲಿ ನಡೆಯುತ್ತಿದ್ದಳು. ಎರಡೂ ಕಡೆ ಮನೆಗಳು, ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ಪ್ರತಿ ಮನೆಯಲ್ಲೂ ಒಬ್ಬ ಹೆಂಗಸು ಬೀದಿಗೆ ಬೆನ್ನು ಮಾಡಿ ಕುಳಿತಿದ್ದಳು. ಯಾರ ಮುಖವೂ ಕಾಣುತ್ತಿರಲಿಲ್ಲ, ಆದರೆ ಎಲ್ಲರೂ ನಗುತ್ತಿದ್ದಾರೆಂದು ಬೆನ್ನು ನೋಡಿಯೇ ತಿಳಿಯುತ್ತಿತ್ತು. ಪ್ರತಿಯೊಬ್ಬಳ ಹಿಂದೆಯೂ ನೆಲದ ಮೇಲೆ ಯಾರೋ ಬಿದ್ದಿದ್ದರು. ಕೆಲವರು ಮುದುಕರು, ಕೆಲವರು ಕೂಸುಗಳು. ಎಲ್ಲರ ಬಾಯಿಯೂ ತೆರೆದಿತ್ತು. ಬೀದಿಯ ತುಂಬ ಬೆಳ್ಳಗಿನ ಬಿಸಿಲು, ಎಲ್ಲೂ ಒಂದು ಸದ್ದಿಲ್ಲ. ಶಿವಗಂಗಮ್ಮ ಒಬ್ಬಳ ಭುಜ ಮುಟ್ಟಲು ಕೈ ಚಾಚಿದಳು. ಕೈ ತಲುಪಲಿಲ್ಲ. ತಿರುಗಿ ನೋಡಿ ಎಂದು ಹೇಳಲು ಬಾಯಿ ತೆರೆದಳು. ಅವಳ ಬಾಯಿಂದ ಬಂದದ್ದೂ ಬರೀ ಕೂಗಾಗಿತ್ತು. ಯಾರೂ ತಿರುಗಲಿಲ್ಲ.

ಎಚ್ಚರವಾದಾಗ ಅವಳ ಊರು ಬಂದಿತ್ತು.

ಮನೆಗೆ ಬಂದು ಅವಳು ಗಂಡನ ಹಾಸಿಗೆಯ ಪಕ್ಕ ಕುಳಿತಳು. ಬೆಂಚಿನ ಮೇಲಿದ್ದ ತಾಯಿ ಮಗಳ ಸಂಗತಿಯನ್ನೂ ಕನಸನ್ನೂ ಹೇಳಿದಳು. ತಸ್ಲೀಮಾಳಿಗೆ ಹೇಳಬೇಕೋ ಬೇಡವೋ ಎಂದು ಅವನನ್ನು ಕೇಳಲಿಲ್ಲ. ಬಿದ್ದಾಗ ಕಂಡ ಬೆನ್ನು ಅವನಿಗೆ ನೆನಪಾಗಿರಬೇಕು.

"ನಾಳೆ ಹೇಳು" ಎಂದ. "ಇವತ್ತೊಂದು ದಿನ ನಾನು ಮಾತಾಡ್ತೀನಿ."

ಆ ಸಂಜೆ ಅವಳು ಮಗ್ಗದ ಕಡೆಗೆ ಹೋಗಲಿಲ್ಲ. ಅವನು ಮಾತಾಡಿದ. ಮದುವೆಗೆ ಮೊದಲು ಅವಳನ್ನು ಮೊದಲ ಸಲ ಕಂಡದ್ದನ್ನು ಹೇಳಿದ. ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿದ್ದರಂತೆ, ಅದರ ಆಚೆಯ ತುದಿಯನ್ನು ಹಿಡಿದು ಅವಳು ನಿಂತಿದ್ದಳಂತೆ. ಅವಳಿಗೆ ಅದು ನೆನಪಿರಲಿಲ್ಲ. ಆಮೇಲೆ ಅವನ ದನಿ ಇನ್ನೂ ತಗ್ಗಿತು. ಅವರಿಗೆ ಒಂದು ಮಗುವಾಗಿತ್ತು. ಜ್ವರ ಬಂದು ಅದು ತೀರಿಹೋಗಿತ್ತು. ಜ್ವರ ಏರಿದ ದಿನ ಶಿವಗಂಗಮ್ಮ ಹಬ್ಬಕ್ಕೆ ಕೊಡಬೇಕಾದ ಸೀರೆಯನ್ನು ಮುಗಿಸುತ್ತಾ ಮಗ್ಗದ ಬಳಿ ನಿಂತಿದ್ದಳು. ಮಣ್ಣು ಮಾಡಿ ಬಂದ ದಿನ ಅವನು ಅವಳ ಎದುರು ನಿಂತು ಏನೋ ಹೇಳಿದ್ದ. ಆಗಲೇ ಅವಳ ಕಿವಿ ಮಂದವಾಗಿತ್ತು. ತುಟಿ ಅಲುಗಿದ್ದು ಕಂಡಿತ್ತು, ಮಾತು ಕೇಳಿಸಿರಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಏನು ಹೇಳಿರಬಹುದೆಂದು ಅವಳೇ ಊಹಿಸಿಕೊಂಡಳು. ಆ ಊಹೆಯನ್ನು ಇಷ್ಟು ವರ್ಷ ಹೊತ್ತುಕೊಂಡು ನೇಯ್ದಳು. ಅವರ ಸನ್ನೆಗಳಲ್ಲಿ ಆ ಮಗುವಿಗೆ ಸನ್ನೆ ಇರಲಿಲ್ಲ.

ಅವತ್ತು ಏನು ಹೇಳಿದಿರಿ ಎಂದು ಅವಳು ಈಗ ಕೇಳಿದಳು.

"ತಪ್ಪು ನಿನ್ನದಲ್ಲ ಅಂದೆ" ಎಂದ ಅವನು.

ಅವಳು ಅವನ ಮುಖವನ್ನೇ ನೋಡಿದಳು. ಇನ್ನೊಮ್ಮೆ ಹೇಳಿ ಎಂದಳು. ಅವನು ಹೇಳಿದ. ಅವಳು ಕೇಳಿದಷ್ಟು ಸಲವೂ ಹೇಳಿದ. ದೀಪ ಹಚ್ಚುವ ಹೊತ್ತಾಯಿತು. ದೀಪ ಹಚ್ಚಲು ಅವಳು ಏಳಲಿಲ್ಲ.

ಮರುದಿನ ಅವಳು ತಸ್ಲೀಮಾಳ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಹಿಂದಿನ ದಿನ ಚೆನ್ನಾಗಿದೆ ಎಂದದ್ದು ಸುಳ್ಳು ಎಂದೂ ಹೇಳಿದಳು. ತಸ್ಲೀಮಾ ಅವಳು ಹೇಳಿದಂತೆಯೇ ಬರೆದು ಕಳಿಸಿದಳು. ಮಾತಿಲ್ಲದ ಕೂಗು ಇದರಲ್ಲಿ ಕೇಳಿಸುವುದಿಲ್ಲ, ನನ್ನ ಗಂಡ ಬಿದ್ದು ಕೂಗಿದಾಗ ನಾನು ಅಲ್ಲೇ ಕುಳಿತಿದ್ದೆ, ನನಗೆ ಕೇಳಿಸಲಿಲ್ಲ. ಅಷ್ಟೇ ಬರೆದದ್ದು. ಕಳಿಸುವ ಮೊದಲು, ಇದು ಹೋದರೆ ನಿಮಗೆ ಕಷ್ಟವಾಗುವುದಿಲ್ಲವೇ ಎಂದು ತಸ್ಲೀಮಾ ಕೇಳಿದಳು. ಆಗುತ್ತದೆ, ಕಳಿಸಿ ಎಂದಳು ಶಿವಗಂಗಮ್ಮ. ಬೆಂಚಿನ ಮೇಲೆ ಕಂಡ ತಾಯಿ ಮಗಳನ್ನು ಹುಡುಕಿ ಅವರಿಗೂ ತಿಳಿಸಬೇಕೆಂದು ಕೇಳಿಕೊಂಡಳು. ತಸ್ಲೀಮಾ ಆ ದಿನವೇ ತಿಳಿಸಿದಳು.

ಸ್ವಲ್ಪ ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅವಳು ಯಂತ್ರ ಹಾಕಿಕೊಂಡಾಗ ಲೋಕದ ಸದ್ದುಗಳೆಲ್ಲ ಒಟ್ಟಿಗೆ ಮನೆಯೊಳಗೆ ನುಗ್ಗಿದವು. ಫೋನಿನಲ್ಲಿ ಆ ಸೌಲಭ್ಯ ಇದ್ದ ಜಾಗ ಖಾಲಿಯಾಗಿತ್ತು. ಹಾಸಿಗೆಯಲ್ಲಿ ಮರಿಯಪ್ಪ ಏನೋ ಹೇಳುತ್ತಿದ್ದ. ಅವನ ದನಿ ನೀರಿಗೆ ಬಿದ್ದ ಉಂಗುರದಂತೆ ಆ ಸದ್ದುಗಳೊಳಗೆ ಇಳಿದುಹೋಯಿತು.

ಅವಳು ಅತ್ತಳು. ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದೂ ಅತ್ತಳು. ಯಾಕಾದರೂ ಹೇಳಿದೆನೋ ಎಂದು ಕೆಲವು ದಿನ ತನ್ನ ಮೇಲೆಯೇ ಸಿಟ್ಟು ಮಾಡಿಕೊಂಡಳು. ಮರಿಯಪ್ಪ ಮಾತು ನಿಲ್ಲಿಸಲಿಲ್ಲ. ಅವನು ಮೊದಲಿನ ಸನ್ನೆಗಳಿಗೆ ಹಿಂತಿರುಗಲು ಒಪ್ಪಲಿಲ್ಲ. ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅವಳು ಎದುರು ಕುಳಿತು ಅವನ ತುಟಿಗಳನ್ನು ನೋಡುತ್ತಿದ್ದಳು. ಅವನ ದನಿ ಹೇಗಿರುತ್ತದೆ, ಯಾವ ಮಾತಿಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಈಗ ಗೊತ್ತಿತ್ತು. ತುಟಿ ಅಲುಗಿದಂತೆ ಆ ದನಿ ಅವಳೊಳಗೆ ತಾನೇ ಏಳುತ್ತಿತ್ತು. ಕೆಲವೊಮ್ಮೆ ತಪ್ಪಾಗುತ್ತಿತ್ತು. ಅವನು ಬೆಲ್ಲ ಎಂದರೆ ಅವಳು ಮೆಲ್ಲ ಎಂದುಕೊಂಡು ಇನ್ನೂ ಮೆಲ್ಲಗೆ ನಡೆಯುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಬಹಳ ತಿಂಗಳುಗಳು ಕಳೆದವು. ಮರಿಯಪ್ಪ ಕೋಲು ಹಿಡಿದು ನಡೆಯತೊಡಗಿದ. ಆಗ ತಸ್ಲೀಮಾ ಹೇಳಿ ಕಳಿಸಿದಳು. ಸೌಲಭ್ಯ ತಿರುಗಿ ಬಂದಿತ್ತು. ಅದರ ಜೊತೆ ಮಾಡಿದವರು ಬರೆದ ಒಂದು ಸಾಲಿತ್ತು. ಬಳಸಿದವರೊಬ್ಬರು ತಿಳಿಸಿದ ದೋಷವನ್ನು ತಿದ್ದಲಾಗಿದೆ ಎಂದು. ಯಾರ ಹೆಸರೂ ಇರಲಿಲ್ಲ.

ಅದು ಮೊದಲಿನಂತಿರಲಿಲ್ಲ. ಈಗ ಕೂಗು ಕೇಳಿಸುತ್ತಿತ್ತು, ಕೂಗನ್ನು ಹೋಲುವ ಎಲ್ಲವೂ ಕೇಳಿಸುತ್ತಿತ್ತು. ಬೆಕ್ಕು ಕೇಳಿಸಿತು, ಕೆಮ್ಮು ಕೇಳಿಸಿತು, ಬೀದಿಯ ಹಾರನ್ನುಗಳೂ ಕೆಲವು ನುಸುಳಿದವು. ಮಗ್ಗ ಮಾತ್ರ ಮೊದಲಿನಂತೆ ಮೌನವಾಗಿತ್ತು. ಗಂಡನ ದನಿ ಬರುತ್ತಿತ್ತು, ಆದರೆ ದಾರಿಯಲ್ಲಿ ಇತರರನ್ನು ಸರಿಸಿಕೊಂಡು ಬರುತ್ತಿತ್ತು. ಆ ಬಿಳಿಯ ನಿಶ್ಶಬ್ದ ಅವಳಿಗೆ ಮತ್ತೆ ಸಿಗಲಿಲ್ಲ. ಆಗಾಗ ಅದನ್ನು ನೆನೆಸಿಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಹಾಗೆ ನಿಂತಾಗ ಮರಿಯಪ್ಪ ಅವಳನ್ನು ಕರೆಯುತ್ತಿರಲಿಲ್ಲ. ಅವಳೇ ತಿರುಗುವವರೆಗೆ ಕಾಯುತ್ತಿದ್ದ.

ಅವರು ಹಾಗೆ ಬಾಳಿದರು. ಬೇರೆ ಯಾರ ಮನೆಯಲ್ಲಿ ಏನಾಯಿತು, ಯಾರ ಮನೆಯಲ್ಲಿ ಏನಾಗದೆ ಉಳಿಯಿತು ಎಂಬುದು ಅವಳಿಗೆ ಎಂದೂ ತಿಳಿಯಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ಹಗುರವಾಗಿತ್ತು. ಅವನಿಗೆ ಉತ್ತರ ಸಿಕ್ಕಂತಿತ್ತು.

"ಹಾಗಾದರೆ ನಾನು ಬೇಡ ಎಂದು ಒತ್ತುತ್ತಿರುವುದೇ ಸರಿ ಗುರುಗಳೇ" ಎಂದನು. "ಅವಳೂ ಬೇಡ ಎಂದಿದ್ದರೆ ಗಂಡನ ಕೂಗು ಅವಳಿಗೆ ಕೇಳಿಸುತ್ತಿತ್ತು."

"ಹೌದು, ಅವಳಿಗೆ ಕೇಳಿಸುತ್ತಿತ್ತು, ಇನ್ನೊಬ್ಬಳ ಗಂಡ ಕೂಗುತ್ತಾ ಬಿದ್ದಿರುತ್ತಿದ್ದ" ಎಂದರು ಗುರುಗಳು.